ಗರಿಕೆ ಸಾಕಿದ ಮೈದಾನಗಳು

ನಾನು ದುಡಿದ ಗಾಲ್ಫ್ ಕ್ಲಬ್ಬಿನ ಮೊದಲ ಮೈದಾನ ಈಗ ಸಮುದ್ರದೊಳಗಿದೆ. ಅದು ಬಿಳಿಯರ ಕಾಲದಲ್ಲಿ ಮಾಡಿದ್ದಂತೆ. ಆಗ ಚೆಂಡು ಬೀಳಿಸುವ ಗುಳಿಯ ಸುತ್ತ ಹುಲ್ಲಿರಲಿಲ್ಲ, ಎಣ್ಣೆ ಕಲಸಿದ ಮರಳು. ಒಬ್ಬೊಬ್ಬರು ಆಡಿ ಹೋದಮೇಲೂ ಗೋಣಿತಾಟು ಎಳೆದು ನುಣುಪು ಮಾಡಬೇಕಿತ್ತಂತೆ. ಕಡಲು ಅದನ್ನು ನುಂಗಿದ ಮೇಲೆ ಸ್ವಲ್ಪ ಒಳಗೆ ಎರಡನೆಯದನ್ನು ಮಾಡಿದರು. ಅದಕ್ಕೆ ಹುಲ್ಲು ಕೂರಿಸಲು ನಮ್ಮೂರು ಬರಗೂರಿನಿಂದ ಹೋದವನು ನಾನು. ಯಾವ ಹುಲ್ಲು ಅಂತೀರಿ? ಗರಿಕೆ. ನಮ್ಮಪ್ಪ ಜೀವಮಾನವಿಡೀ ಹೊಲದಿಂದ ಅಗೆದು ಬದುವಿಗೆ ಎಸೆದ ಗರಿಕೆಯನ್ನು ನಾನು ನೀರು ಹಾಯಿಸಿ, ಗೊಬ್ಬರ ಹಾಕಿ ಸಾಕಿದೆ. ನಮ್ಮ ಕರ್ಮ.

ಮದುವೆಯಾದ ಹೊಸದರಲ್ಲಿ ಹೆಂಡತಿಯನ್ನೂ ಕರೆದುಕೊಂಡು ಹೋಗಿದ್ದೆ. ಅವಳು ಪಾವಗಡದ ಕಡೆ, ನಿಡುಗಲ್ಲಿನವಳು. ಒಂದು ಬೆಳಗ್ಗೆ ನಾನು ಮೋಟಾರು ರಿಪೇರಿಗೆ ಹೋಗಿದ್ದಾಗ, ಗಂಡನಿಗೆ ನೆರವಾಗಲಿ ಎಂದು ಕಳೆ ತೆಗೆಯುವ ವಾರೆ ಹಿಡಿದು ಕೂತು, ಒಂದು ಗುಳಿಯ ಸುತ್ತಲ ಗರಿಕೆಯನ್ನೆಲ್ಲ ಬೇರುಸಹಿತ ಕಿತ್ತು ಗುಡ್ಡೆ ಹಾಕಿದ್ದಳು. ನಾನು ಬಂದಾಗ ಮುಖದಲ್ಲಿ ಬೆವರು, ನಗು.

"ದೇವುಡಾ, ಇಷ್ಟೊಂದು ಗರಿಕೆ ಬುಟ್ಕಂಡಿದೀರಲ್ಲ, ನೋಡಿದೋರು ಏನಂದಾರು?" ಅಂದಳು.

ನೋಡಿದವರು ಅಂದೇಬಿಟ್ಟರು. ಮ್ಯಾನೇಜರು ಎಲ್ಲರೆದುರು ಅವಳನ್ನು ಬೈದ. ನಾನು ಅವನ ಮೇಲೆ ಹರಿಹಾಯ್ದೆ, ಪ್ರಯೋಜನವಾಗಲಿಲ್ಲ. "ಕಳೆ ಸಾಕೋ ತಾವ ನಾನಿರಲ್ಲ" ಎಂದು ಅವಳು ಬಸ್ಸು ಹತ್ತಿದಳು. ಬರಗೂರಿನ ಮನೆ, ಹೊಲ ಅವಳು ನೋಡಿಕೊಂಡಳು. ನಾನು ಹುಲ್ಲು ನೋಡಿಕೊಂಡೆ. ಯುಗಾದಿಗೊಮ್ಮೆ, ದೀಪಾವಳಿಗೊಮ್ಮೆ ನೆಂಟನ ಹಾಗೆ ಬಂದು ಹೋದೆ.

ಹೋದ ಮಳೆಗಾಲದಲ್ಲಿ ಕಡಲು ಎರಡನೆಯ ಮೈದಾನಕ್ಕೂ ನುಗ್ಗಿತು. ನನಗೂ ಸಾಕಾಗಿಹೋಗಿತ್ತು, ಊರಿಗೆ ಬಂದುಬಿಟ್ಟೆ. ಈಗ ಗುಡ್ಡದ ಮೇಲೆ ಮೂರನೆಯದು ಮಾಡುತ್ತಾರಂತೆ. ನಿನ್ನೆ ಕ್ಲಬ್ಬಿನಿಂದ ಫೋನು, ಗರಿಕೆ ಕೂರಿಸಿಕೊಟ್ಟು ಹೋಗು ಅಂತ. ಈ ವಯಸ್ಸಿನಲ್ಲಾದರೂ ಹೆಂಡತಿಯ ಜೊತೆ ಒಂದೇ ಸೂರಿನಡಿ ಇರಬೇಕೆಂಬುದೊಂದೇ ನನ್ನ ಆಸೆ. ಆಗಲ್ಲ ಎಂದು ಹೇಳಿ ಫೋನಿಟ್ಟೆ.

ಒಳಗೆ ಬಂದರೆ ಅವಳು ನನ್ನ ಒಗೆದ ಬಟ್ಟೆಗಳನ್ನು ಮಡಿಸಿ ಬ್ಯಾಗಿಗೆ ತುಂಬುತ್ತಿದ್ದಳು.

"ನಾನು ಹೋಗಲ್ಲ ಕಣೇ."

"ಹಬ್ಬಕ್ಕೆ ಬಂದಾಗ್ಲೂ ಇಂಗೇ ಅಂತಿದ್ರಿ" ಎಂದಳು, ಕೈ ನಿಲ್ಲಿಸದೆ.

ಸಿಟ್ಟು ಬಂತು. ಬ್ಯಾಗು ಕಿತ್ತುಕೊಂಡು ಮಂಚದ ಮೇಲೆ ಸುರಿದೆ. ಬಟ್ಟೆ ಎತ್ತಿಡಲು ಬೀರು ತೆಗೆದರೆ ತುಂಬಾ ಅವಳ ಸೀರೆಗಳು. ಬಂದಾಗಿನಿಂದ ನನ್ನ ಬಟ್ಟೆ ಆ ಬ್ಯಾಗಿನಲ್ಲೇ ಇದ್ದದ್ದು ನನಗೆ ಆಗ ಹೊಳೆಯಿತು.

"ಇವನ್ನ ಎಲ್ಲಿಡ್ಲಿ ಹೇಳು" ಅಂದೆ.

ಅವಳು ಮನೆಯನ್ನೆಲ್ಲ ಒಮ್ಮೆ ನೋಡಿದಳು. ಕೊನೆಗೆ ಆ ಖಾಲಿ ಬ್ಯಾಗಿನ ಬಾಯಿ ಬಿಡಿಸಿ ನನ್ನ ಮುಂದೆ ಹಿಡಿದಳು.