ಬಾಯಿಗೆ ಉಳಿದ ಅಡ್ಡಹೆಸರು

ನನ್ನ ಗಂಡ ಬಾದಾಮಿಯಲ್ಲಿ ಗೈಡ್ ಆಗಿದ್ದರು. ಗುಹೆಯ ಶಿಲ್ಪಗಳ ಬಗ್ಗೆ, ಕಟ್ಟಿಸಿದ ಅರಸರ ಬಗ್ಗೆ ಎಲ್ಲ ಗೈಡುಗಳೂ ಹೇಳುತ್ತಾರೆ. ಇವರು ಇಂಗ್ಲೆಂಡಿನಿಂದ ಬಂದವರಿಗೆ ಅವರವರ ಅಡ್ಡಹೆಸರಿನ, ಅಂದರೆ ಮನೆತನದ ಹೆಸರಿನ, ಅರ್ಥವನ್ನೂ ಹೇಳುತ್ತಿದ್ದರು. ಹಿಂದೊಮ್ಮೆ ಐಹೊಳೆಗೆ ಬಂದಿದ್ದ ಆ ದೇಶದ ಮುದುಕಿಯೊಬ್ಬಳು ತನ್ನ ಹೆಸರಿನ ಮೂಲ ವಿವರಿಸಿದ್ದಳಂತೆ, ಅಂದಿನಿಂದ ಹತ್ತಿದ ಹುಚ್ಚು. ಸ್ಮಿತ್ ಎಂದರೆ ಕಂಬಾರ, ಪಾಟರ್ ಎಂದರೆ ಕುಂಬಾರ, ಅಷ್ಟು ಬಂದವರಿಗೂ ಗೊತ್ತಿರುತ್ತಿತ್ತು. ಆದರೆ ವಾಕರ್ ಎಂದರೆ ನಡೆಯುವವನಲ್ಲ, ನೇಯ್ದ ಉಣ್ಣೆಯ ಬಟ್ಟೆಯನ್ನು ನೀರಲ್ಲಿ ಹಾಕಿ ತುಳಿದು ಹದ ಮಾಡುವವನು ಎಂದು ಇವರು ಅಲ್ಲೇ ಕಾಲಿನಿಂದ ತುಳಿದು ತೋರಿಸಿದರೆ, ಆ ವಾಕರ್ ಮನೆತನದವರೇ ಬೆರಗಾಗಿ ನಗುತ್ತಿದ್ದರು.

ಸಂಜೆ ಮನೆಗೆ ಬಂದು ನನಗೂ ಮಗಳಿಗೂ ಅದನ್ನೇ ಹೇಳುವುದು. "ನಮ್ಮ ಕಡೆ ಅಮೀನಗಡ, ಐಹೊಳಿ ಅಂತ ಊರ ಹೆಸರು ಅಡ್ಡಹೆಸರು ಆದಂಗ ಅವರಲ್ಲೂ ಆಗ್ಯಾವ ನೋಡು. ಎಲ್ಲಾರ ಅಜ್ಜಂದಿರೂ ಏನರ ಕೆಲಸ ಮಾಡಿದವರು, ಇಲ್ಲಾ ಎಲ್ಲಿಂದರ ಬಂದವರು." ನಾನು ಇಳಕಲ್ಲಿನವಳು, ಮದುವೆಯಾಗುವವರೆಗೂ ತವರಿನ ಮಗ್ಗದಲ್ಲಿ ಸೀರೆ ನೇಯ್ದವಳು. ವೆಬ್‌ಸ್ಟರ್ ಎಂದರೆ ಮೂಲದಲ್ಲಿ ನೇಯುವ ಹೆಂಗಸು, ಆ ದೇಶದಲ್ಲಿ ಹುಟ್ಟಿದ್ದರೆ ಅದೇ ನಿನ್ನ ಅಡ್ಡಹೆಸರಾಗುತ್ತಿತ್ತು ಎಂದು ನನ್ನನ್ನು ಕಾಡಿಸುತ್ತಿದ್ದರು.

ಒಂದು ಮುಂಜಾನೆ ಚಹಾ ಕುಡಿಯುತ್ತಿದ್ದಾಗ ಅವರ ಕೈಯಿಂದ ಕಪ್ಪು ಜಾರಿತು. ಬಾಯಿ ಒಂದು ಬದಿಗೆ ಎಳೆಯಿತು. ಲಕ್ವಾ ಹೊಡೆದಿತ್ತು. ಪಕ್ಕದ ಮನೆಯವರ ಕಾರಿನಲ್ಲಿ ಬಾಗಲಕೋಟೆಯ ದವಾಖಾನೆಗೆ ಒಯ್ದೆವು. ಜೀವ ಉಳಿಯಿತು, ಬಲಗೈ ಬಲಗಾಲು ಹೋದವು, ಅವುಗಳ ಜೊತೆ ಮಾತೂ ಹೋಯಿತು. ಮಾತನ್ನೇ ನಂಬಿ ಬದುಕಿದ ಮನುಷ್ಯ ಬಾಯಿ ತೆರೆದರೆ ತುಟಿ ನಡುಗುತ್ತಿತ್ತು, ದನಿ ಹೊರಡುತ್ತಿರಲಿಲ್ಲ.

ದಿನಾ ಅವರೊಂದಿಗೆ ಮಾತಾಡುತ್ತಿರಿ, ಬಳಕೆಯ ಶಬ್ದಗಳಿಂದ ಶುರು ಮಾಡಿ ಎಂದು ಮಾತು ಕಲಿಸುವ ಡಾಕ್ಟರಮ್ಮ ನನಗೆ ಹೇಳಿದರು. ನೀರು, ಚಹಾ, ಮಗಳ ಹೆಸರು, ಮನೆದೇವರ ಹೆಸರು, ಎಲ್ಲವನ್ನೂ ಅವರ ಮುಖದ ಮುಂದೆ ಕೂತು ಹೇಳಿದೆ. ಅವರು ಪ್ರಯತ್ನ ಮಾಡಿ ಮಾಡಿ ಸೋತು ಗೋಡೆಯ ಕಡೆ ಮುಖ ತಿರುಗಿಸುತ್ತಿದ್ದರು. ಒಂದು ದಿನ ನನಗೂ ತಡೆಯಲಾಗಲಿಲ್ಲ. "ಏನರ ಒಂದು ಅನ್ರಿ. ಬೇಕಾದ್ರ ನನಗ ಬೈರಿ. ಹಿಂಗ ಸುಮ್ಮನ ಮಾತ್ರ ಇರಬ್ಯಾಡ್ರಿ," ಎಂದು ಅವರ ಎದೆಯ ಮೇಲೆ ಹಣೆಯಿಟ್ಟು ಅತ್ತೆ.

ಅದಾಗಿ ಕೆಲವು ದಿನಗಳ ಮೇಲೆ ಅವರ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದೆ. ಏನೂ ತೋಚದೆ, "ವಾಕರ್ ಅಂದ್ರ ಏನ್ರಿ?" ಎಂದೆ. ಅವರ ಎಡಗಾಲು ಮೆಲ್ಲಗೆ ಎದ್ದು ಹಾಸಿಗೆಯನ್ನು ತುಳಿಯಿತು. ಮತ್ತೆ ಎದ್ದಿತು, ಮತ್ತೆ ತುಳಿಯಿತು. ಮಗಳನ್ನು ಕೂಗಿ ಕರೆದೆ. ಸ್ಮಿತ್ ಎಂದಾಗ ಎಡಗೈ ಸುತ್ತಿಗೆ ಬಡಿಯಿತು, ಪಾಟರ್ ಎಂದಾಗ ಗಾಳಿಯಲ್ಲಿ ತಿಗರಿ ತಿರುಗಿಸಿತು. ಎಲ್ಲ ಒಳಗೇ ಇತ್ತು. ಆಸೆ ತಡೆಯದೆ, ನಾ ಯಾರು ಎಂದು ಕೇಳಿದೆ. ಕೈ ಹಾಗೇ ನಿಂತುಬಿಟ್ಟಿತು. ನನ್ನನ್ನೇ ನೋಡಿದರು, ನೋಡುತ್ತಲೇ ಉಳಿದರು.

ಮರುವಾರ ಊಟ ಮಾಡಿಸುವಾಗ ಅವರ ಬಾಯಿಂದ ಸ್ಪಷ್ಟವಾಗಿ ಒಂದು ಶಬ್ದ ಬಂತು. "ವೆಬ್‌ಸ್ಟರ್."

ತುತ್ತನ್ನು ತಟ್ಟೆಯಲ್ಲೇ ಬಿಟ್ಟು ಎದ್ದೆ. ಇಳಕಲ್ಲಿನ ತಮ್ಮನಿಗೆ ಫೋನು ಮಾಡಿ, "ನನ್ನ ಗುರ್ತ ಹಿಡದಾರಪಾ," ಎಂದೆ.

ಸಂಜೆ ಹಾಲಿನವನು ಬಾಗಿಲಲ್ಲಿ ನಿಂತು ಸಾಹೇಬರು ಆರಾಮ ಇದ್ದಾರೇನು ಎಂದು ವಿಚಾರಿಸಿದ. ಇವರು ಅವನ ಕಡೆ ತಿರುಗಿ "ವೆಬ್‌ಸ್ಟರ್" ಎಂದರು. ಮಗಳು ಸಾಲೆಯಿಂದ ಬಂದಾಗಲೂ ಅದನ್ನೇ ಅಂದರು. ಅವಳು ಚೀಲವನ್ನೂ ಇಳಿಸದೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಡಾಕ್ಟರಮ್ಮನಿಗೆ ಫೋನು ಮಾಡಿದೆ. ಇಂಥವರಲ್ಲಿ ಕೆಲವರಿಗೆ ಒಂದೇ ಶಬ್ದ ಉಳಿದುಕೊಂಡು, ಏನು ಹೇಳಹೋದರೂ ಅದೇ ಬರುತ್ತದೆ, ಅದಕ್ಕೆ ಅರ್ಥ ಹುಡುಕಬೇಡಿ ಎಂದು ಅವರು ಮೆತ್ತಗೆ ಹೇಳಿದರು. ಬೇರೆ ಶಬ್ದ ಬರಬಹುದೇ ಎಂದು ಕೇಳಿದೆ. ಬಂದರೂ ಬರಬಹುದು ಎಂದರು. ಆ ದನಿಯಲ್ಲೇ ನನಗೆ ತಿಳಿಯಿತು.

ಮುಂದೆ ಬೇರೆ ಶಬ್ದ ಬರಲಿಲ್ಲ. ಹಸಿದರೂ ಅದೇ, ಸಿಟ್ಟು ಬಂದರೂ ಅದೇ. ದನಿ ಏರುವುದು ಇಳಿಯುವುದು ನೋಡಿ ನಾನು ಅಂದಾಜು ಮಾಡುತ್ತೇನೆ, ಒಮ್ಮೊಮ್ಮೆ ಸರಿಯಾಗುತ್ತದೆ.

ಮೊನ್ನೆ ಅಳುತ್ತ ಅದೊಂದನ್ನೇ ಹೇಳತೊಡಗಿದರು. ನೀರು ಕೊಟ್ಟೆ, ದೂಡಿದರು. ದಿಂಬು ಸರಿಸಿದೆ, ಕಿಟಕಿ ತೆರೆದೆ, ಮಗಳನ್ನು ಕರೆದು ಎದುರು ಕೂರಿಸಿದೆ. ಯಾವುದೂ ಅಲ್ಲ ಎಂದು ತಲೆಯಾಡಿಸುತ್ತ, ಎಡಗೈಯಿಂದ ನನ್ನ ಮಣಿಕಟ್ಟು ಹಿಡಿದು, ಮತ್ತೆ ಮತ್ತೆ ಅದನ್ನೇ ಹೇಳಿದರು. ಅವರಿಗೆ ಏನು ಬೇಕಾಗಿತ್ತೋ ನನಗೆ ಕೊನೆಗೂ ತಿಳಿಯಲಿಲ್ಲ. ದಣಿದು ಅವರು ನಿದ್ದೆಹೋದರು. ಹಿಡಿದ ಕೈ ಬಿಡಿಸಿಕೊಳ್ಳಲು ಮನಸ್ಸಾಗದೆ ನಾನು ಅಲ್ಲೇ ಕೂತೆ.