ಪಾಸಾದ ಸೆಟ್ಟಿಂಗ್ ಮುಟ್ಟಬಾರದು

ವಸಂತಕುಮಾರರು ಮೂವತ್ತೊಂದು ವರ್ಷ ಮುಚ್ಚಳ ನೋಡಿದ ಮನುಷ್ಯ. ಠಾಣೆ ಶಹರದ ವಾಗ್ಳೆ ಕೈಗಾರಿಕಾ ಎಸ್ಟೇಟಿನಲ್ಲಿ ಔಷಧಿ ಬಾಟಲಿಗಳ ಮುಚ್ಚಳ ಮಾಡುವ ಕಾರ್ಖಾನೆಯೊಂದಿತ್ತು. ಅಲ್ಲಿ ಇವರು ಕ್ವಾಲಿಟಿ ಇನ್ಸ್‌ಪೆಕ್ಟರ್. ಮುಚ್ಚಳ ಸರಿ ಇದ್ದರೆ ಸುಮ್ಮನಿರುವುದು, ಇಲ್ಲದಿದ್ದರೆ ರಿಜಿಸ್ಟರಿನಲ್ಲಿ ದೋಷ ಬರೆದು ‘ರಿಜೆಕ್ಟ್’ ಎಂದು ಸಹಿ ಹಾಕುವುದು, ಇಷ್ಟೇ ಕೆಲಸ. ನಿವೃತ್ತಿಯಾಗಿ ಡೊಂಬಿವಲಿಯ ಮನೆಯಲ್ಲಿ ಕೂತ ಮೇಲೂ ಅವರ ಕಣ್ಣು ನಿವೃತ್ತಿಯಾಗಲಿಲ್ಲ. ಇಡ್ಲಿಯಲ್ಲಿ ದೋಷ ಕಂಡರು, ಬಟ್ಟೆ ಒಣಹಾಕುವ ಹಗ್ಗದಲ್ಲಿ ಕಂಡರು, ನನ್ನ ಭಾಷಣದಲ್ಲಿ ಕಂಡರು. ನಾನು ದಯಾನಂದ, ನಮ್ಮ ಕನ್ನಡ ಸಂಘದ ಕಾರ್ಯದರ್ಶಿ. ಪ್ರತಿ ಕಾರ್ಯಕ್ರಮ ಮುಗಿದ ಕೂಡಲೇ ಬಂದು, ಸ್ವಾಗತದಲ್ಲಿ ಯಾರ ಹೆಸರು ಬಿಟ್ಟೆ ಎಂದು ಲೆಕ್ಕ ಒಪ್ಪಿಸುವವರು ಇವರೇ. ನನ್ನ ಮಾತು ಅಲ್ಲಲ್ಲಿ ಖಾರವಾದರೆ ಅದಕ್ಕೆ ಕಾರಣ ಇದೆ.

ಐರೋಲಿಯಲ್ಲಿ ಕೆಲಸ ಮಾಡುವ ಅವರ ಮಗಳು ಅಶ್ಮಿತಾ ಲಡಾಖ್ ಪ್ರವಾಸಕ್ಕೆಂದು ಕೊಂಡ ಕ್ಯಾಮೆರಾ ಕಪಾಟಿನಲ್ಲಿ ಬಿದ್ದಿತ್ತು. ವಸಂತಕುಮಾರರು ಅದನ್ನು ಹೊರತೆಗೆದರು. ಮಗಳು ಕಿವಿಯ ಇಯರ್‌ಫೋನ್ ಕೂಡ ತೆಗೆಯದೆ, “ಪಪ್ಪಾ, ಆಟೋ ಪೇ ಡಾಲೋ ನಾ, ಸಬ್ ಅಪ್ನೇ ಆಪ್ ಹೋತಾ ಹೈ” ಎಂದಳು.

“ಮೆಷಿನೇ ಎಲ್ಲ ನಿರ್ಧಾರ ಮಾಡುವುದಾದರೆ ನಾನು ಎಂತಕ್ಕೆ?” ಎಂದು ಅಪ್ಪ ಗುಂಡಿಯನ್ನು ‘ಮ್ಯಾನ್ಯುವಲ್’ಗೆ ತಿರುಗಿಸಿದರು. ಬೆಳಕು ಎಷ್ಟು ಹೊತ್ತು ಒಳಗೆ ಬರಬೇಕೆನ್ನುವುದು ಶಟರ್, ಎಷ್ಟು ದೊಡ್ಡ ಕಿಂಡಿಯಿಂದ ಎನ್ನುವುದು ಅಪರ್ಚರ್, ಬಂದ ಬೆಳಕನ್ನು ಎಷ್ಟು ಹಿಗ್ಗಿಸಿ ತೋರಿಸಬೇಕೆನ್ನುವುದು ಐಎಸ್‌ಒ. ಇಷ್ಟನ್ನು ಯೂಟ್ಯೂಬಿನಲ್ಲಿ ಕಲಿತು, ಹಳೆಯ ಅಭ್ಯಾಸದಂತೆ ಒಂದು ರಿಜಿಸ್ಟರಿನಲ್ಲಿ ಗೆರೆ ಎಳೆದು ಬರೆದಿಟ್ಟರು. ಮರುದಿನವೇ ಕ್ಯಾಮೆರಾವನ್ನು ಕೊರಳಿಗೆ ಹಾಕಿಕೊಂಡು ಸಂಘದ ಸಭೆಗೆ ಬಂದರು.

ನಮಗೂ ಆಗ ಒಬ್ಬ ಫೋಟೋಗ್ರಾಫರ್ ಬೇಕಾಗಿತ್ತು. ದಮಯಂತಿ ಟೀಚರಿಗೆ ಸನ್ಮಾನ ನಿಶ್ಚಯವಾಗಿತ್ತು, ನಮ್ಮ ಖಾಯಂ ಫೋಟೋದವನು ಅದೇ ದಿನ ಪನ್ವೇಲಿನ ಮದುವೆಗೆ ಒಪ್ಪಿಕೊಂಡಿದ್ದ. ಟೀಚರಿಗೆ ಎಪ್ಪತ್ತೊಂಬತ್ತು. ಹಿಂದಿಯಲ್ಲಿ ಉತ್ತರ ಕೊಡುವ ನಮ್ಮ ಮಕ್ಕಳಿಗೆ ನಲವತ್ತು ವರ್ಷ ಪ್ರತಿ ಭಾನುವಾರ ಕನ್ನಡ ಕಲಿಸಿದವರು. ಸನ್ಮಾನಕ್ಕೆ ನಾನು ಏಳು ವರ್ಷ ಬೆನ್ನು ಬಿದ್ದಿದ್ದೆ, ಅವರು ಒಪ್ಪಿದ್ದು ಈ ಸಲ.

“ಶಾಲು ಹೊದೆಯಲಿಕ್ಕೆ ಈ ಊರಿನಲ್ಲಿ ಚಳಿ ಎಲ್ಲುಂಟು ದಯಾನಂದ?” ಎಂದಿದ್ದರು. “ನನಗೆ ಬೇಕಾದದ್ದು ಒಂದು ಫೋಟೋ. ಆಧಾರ್ ಕಾರ್ಡಿನಲ್ಲಿ ಇರುವವಳು ಯಾರು ಅಂತ ನನಗೇ ಗುರ್ತ ಸಿಕ್ಕುವುದಿಲ್ಲ. ನಾನು ಸತ್ತರೆ ಗೋಡೆಗೆ ಅವಳನ್ನೇ ಹಾಕ್ತಾರೆ ಮಾರಾಯ. ಒಳ್ಳೆ ಫೋಟೋ ತೆಗೆಸಿ ಕೊಡುವುದಾದರೆ ಬರ್ತೇನೆ.”

ಹೀಗೆ ಟೀಚರ ಮುಖವನ್ನು ನಾನು ವಸಂತಕುಮಾರರ ಕೈಗೆ ಒಪ್ಪಿಸಿದೆ. ಬೇರೆ ದಾರಿ ಇರಲಿಲ್ಲ.

ಅವರು ತಯಾರಿಗೆ ಇಳಿದರು. ಸನ್ಮಾನದ ಫೋಟೋ ಕಲಿಯಬೇಕಾದರೆ ಸನ್ಮಾನ ಆಗಬೇಕಲ್ಲ? ಆದ್ದರಿಂದ ದಿನಾ ಸಂಜೆ ಏಳಕ್ಕೆ, ಮನೆಯ ಹಾಲ್‌ನ ಪರದೆ ಎಳೆದು ಎರಡು ಟ್ಯೂಬ್‌ಲೈಟ್ ಹಾಕಿ, ಹೆಂಡತಿ ಜಯಲತಾ ಅವರಿಗೆ ಸನ್ಮಾನ ಶುರುವಾಯಿತು. ಶಾಲು ಹೊದೆಸಲು ಮುಖ್ಯ ಅತಿಥಿ ಬೇಕೆಂದು ಕಟ್ಟಡದ ವಾಚ್‌ಮನ್ ಅಂಬಾದಾಸನನ್ನು ಮೇಲೆ ಕರೆದರು. ಅವನು ಕಲಬುರಗಿಯವನು. ಮೊದಲ ವಾರ ಸಂಕೋಚದಿಂದ ನಿಂತ. ಎರಡನೆಯ ವಾರ ತಾನೇ ಬಾಗಿಲು ಬಡಿದು, “ಏನ್ರಿ ಸಾಹೇಬ್ರ, ಇವತ್ತೂ ಅಕ್ಕೋರಿಗಿ ಶಾಲು ಹಾಕಾದದ ಏನ್ರಿ?” ಎಂದು ಕೇಳತೊಡಗಿದ.

ಶಾಲು, ತಲೆಗೆ ಪೇಟ, ಕೈಗೆ ಹಣ್ಣಿನ ಬುಟ್ಟಿ. ಹಣ್ಣು ಮಾತ್ರ ಆಗಾಗ ಬದಲಾಗುತ್ತಿತ್ತು. ಎಲ್ಲಿ ನಿಲ್ಲಬೇಕೆಂದು ನೆಲಕ್ಕೆ ಜಯಲತಾ ಅವರ ಹಣೆಯ ಬಿಂದಿಗಳನ್ನೇ ಅಂಟಿಸಿದ್ದರು. ಒಂದು ದಿನಕ್ಕೆ ಒಂದು ಸೆಟ್ಟಿಂಗ್ ಮಾತ್ರ ಬದಲಿಸುವುದು ಕಾರ್ಖಾನೆಯ ಪದ್ಧತಿ. ರಿಜಿಸ್ಟರ್ ತುಂಬುತ್ತ ಹೋಯಿತು. ‘ಶಟರ್ ನಿಧಾನ. ಮುಖ್ಯ ಅತಿಥಿಗೆ ನಾಲ್ಕು ಕೈ. ರಿಜೆಕ್ಟ್.’ ‘ಶಟರ್ ಜೋರು. ಜಯಲತಾ ಕತ್ತಲಲ್ಲಿ. ರಿಜೆಕ್ಟ್.’ ‘ಐಎಸ್‌ಒ ಹೆಚ್ಚು. ಜಯಲತಾ ಮುಖ ಉಪ್ಪಿಟ್ಟಿನ ಹಾಗೆ. ರಿಜೆಕ್ಟ್.’ ‘ಸೆಟ್ಟಿಂಗ್ ಪರವಾಗಿಲ್ಲ. ಜಯಲತಾ ಗಲ್ಲ ಮೇಲೆ. ರಿಜೆಕ್ಟ್.’

ಮೊದಲ ದಿನ ಜಯಲತಾ ಬೆಳ್ಳುಳ್ಳಿ ಸುಲಿಯುತ್ತಿದ್ದ ಕೈಯಲ್ಲೇ ಬಂದು ಸನ್ಮಾನ ಸ್ವೀಕರಿಸಿ, ಗೊಣಗುತ್ತ ಹಿಂದಿರುಗಿದ್ದರು. ಹತ್ತನೆಯ ದಿನ ಒಳ್ಳೆಯ ಸೀರೆ ಬಂತು. ಇಪ್ಪತ್ತನೆಯ ದಿನ ಎರಡು ಮಾತಿನ ಕೃತಜ್ಞತೆಯೂ ಬಂತು. ಗೇಟಿನ ಸದ್ದು ಕೇಳಲೆಂದು ಅಂಬಾದಾಸ ಬಾಗಿಲು ತೆರೆದಿಡುತ್ತಿದ್ದುದರಿಂದ ಮೆಟ್ಟಿಲು ಹತ್ತುವವರೆಲ್ಲ ಇಣುಕುತ್ತಿದ್ದರು. ಇಷ್ಟು ಶಾಲು ಬೀಳುವ ಹೆಂಗಸು ದೊಡ್ಡದೇನೋ ಸಾಧಿಸಿರಬೇಕೆಂದು ಇಡೀ ಹೌಸಿಂಗ್ ಸೊಸೈಟಿಗೆ ಖಾತ್ರಿಯಾಯಿತು. ನಾಲ್ಕನೆಯ ಮಹಡಿಯ ಮರಾಠಿಯವರು ಅತ್ತಿಗೆಯನ್ನು ಕರೆದಂತೆ “ವಹಿನಿ, ಅಭಿನಂದನ್!” ಎಂದು ಪೇಢೆ ಕೊಟ್ಟುಹೋದರು. ಯಾವ ಸಾಧನೆ ಎಂದು ಯಾರೂ ಕೇಳಲಿಲ್ಲ.

ನಲವತ್ತಮೂರನೆಯ ಸನ್ಮಾನಕ್ಕೆ ಫೋಟೋ ಪಾಸಾಯಿತು. ಶಟರ್ ಅರವತ್ತರಲ್ಲೊಂದು ಸೆಕೆಂಡ್, ಅಪರ್ಚರ್ ನಾಲ್ಕೂವರೆ, ಐಎಸ್‌ಒ ಸಾವಿರದಾರುನೂರು. ಕಾರ್ಖಾನೆಯಲ್ಲಿ ಮೊದಲ ಮುಚ್ಚಳ ಪಾಸಾದ ಮೇಲೆ ಮೆಷಿನ್ನಿನ ಗುಂಡಿಗಳಿಗೆ ಕೆಂಪು ಟೇಪು ಹಾಕಿ ಸಹಿ ಮಾಡುತ್ತಿದ್ದರಂತೆ. ಆಮೇಲೆ ಮಾಲಕ ಬಂದರೂ ಮುಟ್ಟುವಂತಿಲ್ಲ. ಇವರು ಕ್ಯಾಮೆರಾದ ಎಲ್ಲ ಗುಂಡಿಗಳಿಗೂ ಕೆಂಪು ಟೇಪು ಸುತ್ತಿ ಸಹಿ ಹಾಕಿಬಿಟ್ಟರು.

ಸನ್ಮಾನದ ದಿನ ಠಾಣೆಯ ಸಭಾಗೃಹದಲ್ಲಿ ವೇದಿಕೆ ಮೇಲೆ ಕಣ್ಣು ಕುಕ್ಕುವಷ್ಟು ದೀಪಗಳಿದ್ದವು. ಮುಖ್ಯ ಅತಿಥಿಗಳಾದ ಕಲ್ಯಾಣದ ಹೋಟೆಲ್ ಮಾಲಕರು ಶಾಲು ಎತ್ತಿದರು, ವಸಂತಕುಮಾರರು ಒತ್ತಿದರು. ಕ್ಯಾಮೆರಾದ ಪರದೆಯಲ್ಲಿ ಬಂದದ್ದು ಬರೀ ಬಿಳುಪು. ಇನ್ನೊಮ್ಮೆ ಹೊದೆಸಿದರು, ಮತ್ತೆ ಬಿಳುಪು. ನಾನು ಓಡಿಹೋಗಿ ಕಿವಿಯಲ್ಲಿ ಹೇಳಿದೆ: “ಮಾರಾಯ್ರೆ, ಆ ಟೇಪು ಕಿತ್ತು ಏನಾದರೂ ತಿರುಗಿಸಿ!”

“ಸೆಟ್ಟಿಂಗ್ ಪಾಸಾಗಿದೆ. ಲೈಟು ರಿಜೆಕ್ಟ್,” ಎಂದು ಅವರು ವೇದಿಕೆಯ ದೀಪ ಆರಿಸಲು ಲೈಟಿನವನಿಗೆ ಕೈಸನ್ನೆ ಮಾಡಿದರು.

ಇಡೀ ಸಭಾಗೃಹಕ್ಕೆ ಒಂದೇ ಮುಖ್ಯ ಸ್ವಿಚ್ ಎಂದು ಗೊತ್ತಾದದ್ದು ಆಗ. ಟೀಚರು ಎಡವದಿರಲೆಂದು ನಾನು ವೇದಿಕೆ ಹತ್ತಿ ಅವರ ಪಕ್ಕಕ್ಕೆ ಓಡಿದೆ. ಗವ್ವೆನ್ನುವ ಕತ್ತಲಲ್ಲಿ ಮಾಲಕರು ಅಂದಾಜಿನ ಮೇಲೆ ಶಾಲು ಹೊದೆಸಿದರು, ಜನ ಚಪ್ಪಾಳೆ ತಟ್ಟಿದರು. ದೀಪ ಬಂದಾಗ ಶಾಲು ನನ್ನ ಮೈಮೇಲಿತ್ತು. ಸಂಘಕ್ಕಾಗಿ ಇಪ್ಪತ್ತು ವರ್ಷ ದುಡಿದ ನನಗೆ ಸಿಕ್ಕ ಒಂದೇ ಸನ್ಮಾನ ಅದು, ಅದೂ ಫೋಟೋದಲ್ಲಿ ಬರೀ ಕಪ್ಪು.

ಟೀಚರು ಕ್ಯಾಮೆರಾ ತರಿಸಿ ನೋಡಿದರು. ಹದಿನಾಲ್ಕು ಬಿಳಿ, ಆರು ಕಪ್ಪು. ಒಂದರಲ್ಲಿ ಮಾತ್ರ ಅವರ ಕನ್ನಡಕದ ಫ್ರೇಮು ಗಾಳಿಯಲ್ಲಿ ನಿಂತಂತೆ ಕಾಣುತ್ತಿತ್ತು. ಅವರು ಬೈಯಲಿಲ್ಲ. ಪೇಟ ತೆಗೆದು ಮೇಜಿನ ಮೇಲಿಟ್ಟು, “ಹಾಗಾದರೆ ಅವಳೇ ಗತಿ, ಆಧಾರಿನವಳು,” ಎಂದರು.

ವಸಂತಕುಮಾರರು ಕೈಕಟ್ಟಿ ನಿಂತಿದ್ದರು. “ಟೀಚರ್, ಸೆಟ್ಟಿಂಗ್ ತಪ್ಪಿಲ್ಲ, ಜಾಗ ತಪ್ಪು. ಬರುವ ಭಾನುವಾರ ಏಳು ಗಂಟೆಗೆ ನಮ್ಮ ಮನೆಗೆ ಬನ್ನಿ,” ಎಂದರು.

ಟೇಪು ಕೀಳುವುದಕ್ಕಿಂತ ಸಂಘವನ್ನೇ ಡೊಂಬಿವಲಿಗೆ ಸಾಗಿಸುವುದು ಅವರಿಗೆ ಸುಲಭವೆನಿಸಿತು, ಮತ್ತು ನಾವು ಹೋದೆವು. ಲಿಫ್ಟಿಲ್ಲದ ಮೂರು ಮಹಡಿ. ಟೀಚರನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ನಾನೂ ಅಂಬಾದಾಸನೂ ಹೊತ್ತೆವು. ಹಿಂದೆ ಹಣ್ಣಿನ ಬುಟ್ಟಿ ಹಿಡಿದು ಹೋಟೆಲ್ ಮಾಲಕರು ಏದುಸಿರು ಬಿಡುತ್ತ ಬಂದರು. ಮೇಲೆ ಹೋದ ಕೂಡಲೇ ಅಂಬಾದಾಸ ಅವರಿಗೆ ಪಾಠ ಶುರುಮಾಡಿದ: “ಹಂಗಲ್ರಿ ಸೇಠ್, ಶಾಲು ಹೆಗಲಿಗಿ ಇಟ್ಟು ಮೂರು ಎಣಿಸ್ರಿ. ಆಮ್ಯಾಲ ಕೈ ಬಿಡ್ರಿ.”

ಜಯಲತಾ ಟೀಚರನ್ನು ಬಿಂದಿಗಳ ಮೇಲೆ ನಿಲ್ಲಿಸಿದರು. “ಎಡ ಭುಜ ಸ್ವಲ್ಪ ಆಚೆ. ಗಲ್ಲ ಕೆಳಗೆ. ಈಗ ಮಕ್ಕಳು ಸರಿ ಉತ್ತರ ಹೇಳಿದ ಹಾಗೆ ನೋಡಿ.” ವಸಂತಕುಮಾರರು ಒತ್ತಿದರು. ಟೀಚರು ಪರದೆಯನ್ನು ತುಂಬ ಹೊತ್ತು ನೋಡಿ, “ಇದು ನಾನೇ,” ಎಂದರು. ನಾನು ಅಳುವುದು ಕಡಿಮೆ, ಆದರೂ ಆಗ ಕರವಸ್ತ್ರ ತೆಗೆಯಬೇಕಾಯಿತು.

ಟೀಚರು ಜಯಲತಾ ಕಡೆ ತಿರುಗಿದರು. “ನಿಂತುಕೊಳ್ಳುವುದು ನಿನಗೆ ಹೇಗೆ ಇಷ್ಟು ಸರಿ ಗೊತ್ತು?”

“ನನಗೆ ನಲವತ್ತಮೂರು ಸಲ ಸನ್ಮಾನ ಆಗಿದೆ ಟೀಚರ್.”

“ಎಂತಕ್ಕೆ?”

ಜಯಲತಾ ನಕ್ಕರು. “ಅದು ಯಾರೂ ಹೇಳಲಿಲ್ಲ.”

ಟೀಚರು ತಮ್ಮ ಶಾಲು ತೆಗೆದು ವಸಂತಕುಮಾರರ ಕೈಗೆ ಕೊಟ್ಟರು. “ಬಾ ಇಲ್ಲಿ. ಹಾಕು. ಎಂತಕ್ಕೆ ಅಂತ ಹೇಳಿ ಹಾಕು.” ನಲವತ್ತು ವರ್ಷ ತರಗತಿ ನಡೆಸಿದ ಧ್ವನಿ ಅದು. ವಸಂತಕುಮಾರರು ಕ್ಯಾಮೆರಾ ನನ್ನ ಕೊರಳಿಗೆ ಹಾಕಿ, “ಏನೂ ಮುಟ್ಟಬೇಡಿ, ಇದನ್ನು ಮಾತ್ರ ಒತ್ತಿ,” ಎಂದು ತೋರಿಸಿ ಹೆಂಡತಿಯ ಪಕ್ಕ ಹೋಗಿ ನಿಂತರು. ಶಾಲಿನ ಅಂಚು ಸರಿಮಾಡಿದರು.

“ಮೂವತ್ತೊಂದು ವರ್ಷ ಬೆಳಗ್ಗೆ ಐದೂ ಐವತ್ತರ ಲೋಕಲ್ ಟ್ರೇನಿಗೆ ಊಟದ ಡಬ್ಬಿ ಕಟ್ಟಿದ್ದಾಳೆ,” ಎಂದರು. “ಒಂದು ದಿನವೂ ನನ್ನ ಗಾಡಿ ತಪ್ಪಲಿಲ್ಲ. ನಾನು ಒಂದು ದಿನವೂ ಚೆನ್ನಾಗಿದೆ ಅಂತ ಹೇಳಲಿಲ್ಲ. ಸರಿ ಇದ್ದರೆ ಸುಮ್ಮನಿರುವುದು... ನಮ್ಮಲ್ಲಿ ಹಾಗೆ ಪದ್ಧತಿ.”

ಶಾಲು ಹೊದೆಸಿದರು. ಮೂರು ಎಣಿಸಲು ಮರೆತರು. ನಾನು ಒತ್ತಿದೆ. ಜಯಲತಾ ಮುಖ ಸ್ಪಷ್ಟವಾಗಿ ಬಂದಿತ್ತು. ಅವರ ಹೆಗಲ ಮೇಲಿದ್ದ ಗಂಡನ ಕೈ ಮಾತ್ರ ನಡುಗಿ, ನೆಲ ಒರೆಸಿದ ಹಾಗೆ ಹರಡಿಕೊಂಡಿತ್ತು. ವಸಂತಕುಮಾರರು ಕನ್ನಡಕ ಮೇಲೆತ್ತಿ ನೋಡಿದರು. ರಿಜಿಸ್ಟರ್ ತೆಗೆದು, ದೋಷದ ಕಾಲಮನ್ನು ಖಾಲಿ ಬಿಟ್ಟು, ‘ಪಾಸ್’ ಎಂದು ಸಹಿ ಹಾಕಿದರು.

ಜಯಲತಾ ಒಂದು ಕೈಯಲ್ಲಿ ಕಣ್ಣು ಒರೆಸಿಕೊಳ್ಳುತ್ತ, ಇನ್ನೊಂದು ಕೈಯಲ್ಲಿ ಅವರಿಂದ ಪೆನ್ನು ಕಿತ್ತುಕೊಂಡರು. ‘ಪಾಸ್’ ಹೊಡೆದುಹಾಕಿ, ಪಕ್ಕದಲ್ಲಿ ದುಂಡಗೆ ಬರೆದರು: ‘ಕೈ ಅಲುಗಿದೆ. ರಿಜೆಕ್ಟ್.’

“ನಾಳೆ ಏಳು ಗಂಟೆಗೆ ಪುನಃ ಹಾಕಿ,” ಎಂದರು. “ಎಂತಕ್ಕೆ ಅಂತ ಹೇಳಿಯೇ ಹಾಕಿ.”