ಟೀಚರಮ್ಮನ ಓಸಿ

ಮೊನ್ನೆ ಹುಣಸೆಹಣ್ಣು ತುಂಬಿಡಲು ಪಾತ್ರೆ ಹುಡುಕುವಾಗ ಅಟ್ಟದ ಮೂಲೆಯಲ್ಲಿ ಆ ತೂಕು, ಕೈಯಲ್ಲಿ ತೂಗಿಸಿಕೊಂಡು ಒಯ್ಯುವ ಡಬ್ಬಿ, ಸಿಕ್ಕಿತು. ಎವರ್‌ಸಿಲ್ವರ್ ಸ್ಟೀಲಿನದು, ಹಿಡಿಯುವ ಕಂಬಿ ಸೊಟ್ಟಗಾಗಿದೆ. ಮುಚ್ಚಳ ತೆಗೆದು ಮೂಗಿಗೆ ಹಿಡಿದೆ. ಇಷ್ಟು ವರ್ಷಕ್ಕೆ ಏನು ವಾಸನೆ ಉಳಿದೀತು! ಆದರೂ ನನಗೆ ತೆಂಗಿನೆಣ್ಣೆಯಲ್ಲಿ ಕರಿದ ಅಚ್ಚುಮುರುಕಿನ ವಾಸನೆ ಬಂದೇ ಬಂತು...

ತೊಂಬತ್ತರ ದಶಕದ ಮಾತು. ತಮಿಳುನಾಡಿನ ಪಾಲಕೋಡಿನ ಹತ್ತಿರದ ನಮ್ಮೂರ ಶಾಲೆಗೆ ತಿರುನೆಲ್ವೇಲಿ ಕಡೆಯಿಂದ ಒಬ್ಬ ಟೀಚರ್ ಬಂದು, ನಮ್ಮ ಪಕ್ಕದ ಮನೆಯಲ್ಲಿ ಬಾಡಿಗೆಗಿದ್ದರು. ಕ್ರಿಶ್ಚಿಯನ್ನರು, ಒಂಟಿ ಹೆಂಗಸು. ಅವರಿಗೆ ಕನ್ನಡ ಬಾರದು. ನಾನೋ ಬೆಟ್ಟದ ಸೆರಗಿನ ಹಳ್ಳಿಯಿಂದ ಮದುವೆಯಾಗಿ ಬಂದವಳು, ನನ್ನ ತಮಿಳು ಸಂತೆಗೆ ಸಾಕಾಗುವಷ್ಟು ಮಾತ್ರ.

ಎರಡನೇ ಹೆರಿಗೆಯಲ್ಲಿ ನನಗೆ ರಕ್ತ ನಿಲ್ಲಲಿಲ್ಲ. ಧರ್ಮಪುರಿಯ ಆಸ್ಪತ್ರೆಗೆ ಹಾಕಿಕೊಂಡು ಹೋದರು. ನಮ್ಮವರಲ್ಲಿ ಯಾರ ರಕ್ತವೂ ಹೊಂದಲಿಲ್ಲವಂತೆ. ಸ್ಕೂಲು ಮುಗಿಸಿ ಬಸ್ಸಿನಲ್ಲಿ ನೋಡಲು ಬಂದ ಟೀಚರ್ ಸುಮ್ಮನೆ ತೋಳು ಚಾಚಿದರಂತೆ. ನಾನೂ ಉಳಿದೆ, ಮಗಳೂ ಉಳಿದಳು.

ಅಲ್ಲಿಂದ ಶುರುವಾಯಿತು ನನ್ನ ಸಂಕಟ. ಪಕ್ಕದ ಮನೆಯವರ ಪಾತ್ರೆಯನ್ನು ನಾವು ಬರಿದಾಗಿ ವಾಪಸು ಕೊಡುವುದಿಲ್ಲ, ಒಂದು ಹಿಡಿ ಸಕ್ಕರೆಯನ್ನಾದರೂ ಹಾಕಿ ಕೊಡುತ್ತೇವೆ. ರಕ್ತ ಕೊಟ್ಟವರ ಪಾತ್ರೆಗೆ ಏನು ಹಾಕಲಿ? ಟೊಮೆಟೊ, ರಾಗಿಹಿಟ್ಟು, ಗಿಣ್ಣು... ದಿನಾ ಏನಾದರೊಂದು ಹೊತ್ತುಕೊಂಡು ಹೋಗುತ್ತಿದ್ದೆ. ಎಷ್ಟು ಕೊಟ್ಟರೂ ಎದೆಯ ಭಾರ ಇಳಿಯಲಿಲ್ಲ. ಅವರ ಮುಖ ಕಂಡರೆ ನಾಚಿಕೆ, ಒಳಗೊಳಗೇ ಸಿಟ್ಟು ಕೂಡ.

ಟೀಚರ್ ಭಾನುವಾರ ತಪ್ಪದೆ ಚರ್ಚಿಗೆ ಹೋಗುತ್ತಿದ್ದರು. ಹರಕೆ ಇಲ್ಲ, ಮುಡಿ ಕೊಡುವುದಿಲ್ಲ, ಕೆಂಡ ತುಳಿಯುವುದಿಲ್ಲ. ಮತ್ತೆ ಆ ದೇವರು ಯಾಕಾದರೂ ಕೊಡುತ್ತಾನೆ? ನನಗೆ ತಡೆಯದ ಕುತೂಹಲ. ಒಂದು ದಿನ ಇಬ್ಬರೂ ಅವರೆಕಾಯಿ ಸುಲಿಯುತ್ತಿದ್ದಾಗ ಕೇಳಿಯೇಬಿಟ್ಟೆ. ಯೇಸುವಿನ ಕೃಪೆ, ಸಂಪಾದಿಸುವುದಲ್ಲ ಅಂತೇನೋ ಹೇಳತೊಡಗಿದರು. ನನ್ನ ತಲೆಗೆ ಹತ್ತಲಿಲ್ಲ. ಕೊನೆಗೆ ಬೀದಿಯ ತಮಿಳಿಗೆ ಇಳಿದು, "ಎಲ್ಲಾಂ ಓಸಿ ಮ್ಮಾ," ಎಂದರು.

ನಮ್ಮ ಮಾತಿನಲ್ಲಿ ಓಸಿ ಎಂದರೆ ಸ್ವಲ್ಪ. ಅಯ್ಯೋ ಪಾಪ ಅನ್ನಿಸಿತು. ಇಂಥ ಒಳ್ಳೆಯ ಹೆಂಗಸಿಗೆ ಇಂಥ ಜಿಪುಣ ದೇವರೇ! ಮಾರನೆಯ ದಿನ ಒಂದು ಸೇರು ಅವರೆಕಾಳು ಹೆಚ್ಚಿಗೆ ಕೊಟ್ಟು ಬಂದೆ.

ಎರಡು ವರ್ಷದ ಮೇಲೆ ಅವರಿಗೆ ವರ್ಗವಾಯಿತು. ನನ್ನ ಗಂಡ ಟ್ರಂಕು ಹೊತ್ತು ಬಸ್‌ಸ್ಟಾಪಿಗೆ ಬಂದಿದ್ದ. ಟೀಚರ್ ಈ ತೂಕಿನ ತುಂಬ ಅಚ್ಚುಮುರುಕು ತಂದು ನನ್ನ ಕೈಗಿಟ್ಟರು. ಏನಾದರೂ ಹಾಕಿಕೊಡೋಣವೆಂದು ಮನೆಯತ್ತ ತಿರುಗಿದೆ. ಕೈ ಹಿಡಿದು ನಿಲ್ಲಿಸಿ, ಪಾತ್ರೆಯೂ ನಿನಗೇ, ಇದೂ ಓಸಿ ಎಂದರು.

"ಓಸಿ ಎಲ್ಲೈತೆ ಟೀಚರ್? ತುಂಬಾ ಐತಲ್ಲ," ಎಂದೆ.

ನನ್ನ ಗಂಡ ಟ್ರಂಕು ಕೆಳಗಿಟ್ಟು ನಕ್ಕುಬಿಟ್ಟ. "ಅವ್ರ ತಮಿಳ್ನಾಗೆ ಓಸಿ ಅಂದ್ರೆ ಪುಕ್ಕಟೆ ಕಣಮ್ಮಿ." ನಮ್ಮ ಓಸಿಯ ಅರ್ಥವನ್ನು ಟೀಚರಿಗೂ ತಿಳಿಸಿದ. ಅವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ನನಗೆ ನಗು ಬರಲಿಲ್ಲ. "ಆವತ್ತಿನ ರಕ್ತಾನೂವಾ?" ಎಂದು ಕೇಳಿದೆ.

ಟೀಚರ್ ಸೆರಗಿನಿಂದ ಕಣ್ಣೊರೆಸಿಕೊಂಡು ಹೌದೆಂದು ತಲೆಯಾಡಿಸಿದರು. ಅಷ್ಟರಲ್ಲಿ ಬಸ್ಸು ಬಂತು.

ಆದರೂ ನನ್ನ ಜಂಭ ಬಿಡಲಿಲ್ಲ. ಎಂದಾದರೂ ತುಂಬಿಸಿ ಹಿಂದಿರುಗಿಸಬೇಕೆಂದು ತೂಕನ್ನು ಅಟ್ಟಕ್ಕೇರಿಸಿದೆ. ಮನೆಯಲ್ಲಿ ಯಾರು ಮುಟ್ಟಿದರೂ, ಅದು ಟೀಚರಮ್ಮನದು ಎಂದು ಗದರುತ್ತಿದ್ದೆ. ಹೋದ ವರ್ಷ ಅವರು ತೀರಿಕೊಂಡರೆಂದು ಹಳೆಯ ಹೆಡ್‌ಮಾಸ್ಟರು ಹೇಳಿದರು. ಆ ದಿನ ತುಂಬಾ ಅತ್ತೆ... ನಾನು ಇವತ್ತಿಗೂ ನಮ್ಮ ದೇವರು ಮುನಿಯಪ್ಪನಿಗೇ ದೀಪ ಹಚ್ಚುವವಳು. ಹಚ್ಚುವಾಗ ಒಮ್ಮೊಮ್ಮೆ, ಇವನು ಕೊಟ್ಟದ್ದರಲ್ಲಿ ನನ್ನ ಹರಕೆಗೆ ಕೊಟ್ಟದ್ದೆಷ್ಟು, ಓಸಿ ಕೊಟ್ಟದ್ದೆಷ್ಟು ಎಂದು ಯೋಚನೆ ಬರುತ್ತದೆ.

ತೂಕು ಹಿಡಿದು ಕೂತಿದ್ದೆನಲ್ಲ, ಹೆರಿಗೆಗೆಂದು ಬಂದಿರುವ ಮಗಳು ಬಂದು ನಿಂತಳು. ಅವತ್ತು ಉಳಿದ ಮಗಳೇ.

"ಉಣ್ಸೆಣ್ಣು ಇದ್ರಾಗೆ ತುಂಬ್ಲಾ ಅವ್ವ? ಟೀಚರಮ್ಮಂದು ಅಂತಿದ್ದೆ, ವಾಪಸ್ ಕೊಡ್ಬೇಕು ಅಂತ?"

"ತುಂಬು," ಎಂದೆ. "ನಮ್ದೇಯ."